ಗ್ರೀಕ್ ಅಜ್ಜಿಯರ ವಯಸ್ಸಿನ ಜಗಳ: ಇಕಾರಿಯಾದಲ್ಲಿ ಯಾವುದು ನಿಜ, ಯಾವುದು ಕತೆ?

ಗ್ರೀಸಿಗೆ ಹೋಗಿ ಬಂದವರ ಬರಹಗಳಲ್ಲಿ ಒಬ್ಬ ಅಜ್ಜಿ ಇದ್ದೇ ಇರುತ್ತಾಳೆ. ಕಪ್ಪು ಬಟ್ಟೆ, ತಲೆಗೆ ವಸ್ತ್ರ, ಕೈಯಲ್ಲಿ ಕಾಡುಸೊಪ್ಪಿನ ಚೀಲ. ಏದುಸಿರು ಬಿಡುತ್ತಾ ಮೆಟ್ಟಿಲ ಮೇಲೆ ಕೂತ ಪ್ರವಾಸಿಯನ್ನು ದಾಟಿಕೊಂಡು ಆಕೆ ಆರಾಮಾಗಿ ಮೇಲೆ ಹೋಗುತ್ತಾಳೆ. ವಯಸ್ಸು ಕೇಳಿದರೆ 90 ಅನ್ನುತ್ತಾಳೆ, ಇಲ್ಲವೇ 95. ಕೇಳಿದವರು ಬೆರಗಾಗುತ್ತಾರೆ, ಫೋಟೊ ತೆಗೆಯುತ್ತಾರೆ. ಇಂಥ ಅಜ್ಜಿಯರ ಊರು ಎಂದೇ ಹೆಸರಾದದ್ದು ಏಜಿಯನ್ ಸಮುದ್ರದ ಪೂರ್ವ ಭಾಗದಲ್ಲಿರುವ ಇಕಾರಿಯಾ ದ್ವೀಪ.

2024ರ ಸೆಪ್ಟೆಂಬರ್‌ನಲ್ಲಿ ಈ ಚಿತ್ರಕ್ಕೆ ಒಂದು ಕಲ್ಲು ಬಿತ್ತು. ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಬಹುಮಾನ ಆ ವರ್ಷ ಸಾಲ್ ಜಸ್ಟಿನ್ ನ್ಯೂಮನ್ ಎಂಬ ಸಂಶೋಧಕರಿಗೆ ಸಿಕ್ಕಿತು. ಅತಿ ಹೆಚ್ಚು ಕಾಲ ಬದುಕಿದವರು ಎಂಬ ದಾಖಲೆಗಳಲ್ಲಿ ಬಹುಪಾಲು ತಪ್ಪು ಲೆಕ್ಕ ಅಥವಾ ಪಿಂಚಣಿ ಮೋಸ ಎಂದು ಅವರು ವಾದಿಸಿದ್ದರು. ಮರುದಿನದಿಂದಲೇ 'ಶತಾಯುಷಿಗಳ ಊರೆಲ್ಲ ಬರೀ ಸುಳ್ಳು' ಎಂಬಂಥ ತಲೆಬರಹಗಳು ಬಂದವು. ಅತ್ತ ಇಕಾರಿಯಾದ ಅಜ್ಜಿಯ ವಿಡಿಯೊಗಳೂ ನಿಲ್ಲಲಿಲ್ಲ. ಹಾಗಾದರೆ ಆ ಅಜ್ಜಿ ನಿಜವೋ ಸುಳ್ಳೋ?

ಇಲ್ಲಿ ಬೇರೆ ಬೇರೆ ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿವೆ. 110 ದಾಟಿದವರ ಪಟ್ಟಿ ನಂಬುವಂಥದ್ದೇ ಅನ್ನುವುದು ಒಂದು. ಇಕಾರಿಯಾದವರು ಬೇರೆಯವರಿಗಿಂತ ಜಾಸ್ತಿ ಬದುಕುತ್ತಾರೆಯೇ ಅನ್ನುವುದು ಇನ್ನೊಂದು. 85ರ ಹೆಂಗಸು ಆ ಗುಡ್ಡ ಹೇಗೆ ಹತ್ತುತ್ತಾಳೆ ಅನ್ನುವುದು ಮತ್ತೊಂದು. ಮೂರಕ್ಕೂ ಒಂದೇ ಉತ್ತರ ಹುಡುಕಿದ್ದರಿಂದಲೇ ಗೊಂದಲ ಹುಟ್ಟಿತು.

ನೀಲಿ ಶಾಯಿಯಿಂದ ಶುರುವಾದ ಕತೆ

ಇಟಲಿಯ ವೈದ್ಯ ಜಿಯಾನ್ನಿ ಪೆಸ್ ಮತ್ತು ಬೆಲ್ಜಿಯಂನ ಜನಸಂಖ್ಯಾ ತಜ್ಞ ಮಿಷೆಲ್ ಪುಲಾ ಸಾರ್ಡೀನಿಯಾ ದ್ವೀಪದಲ್ಲಿ ನೂರು ದಾಟಿದವರ ಲೆಕ್ಕ ಹಾಕುತ್ತಿದ್ದರು. ಅಂಥವರು ಹೆಚ್ಚಿರುವ ಹಳ್ಳಿಗಳನ್ನು ನಕ್ಷೆಯಲ್ಲಿ ನೀಲಿ ಬಣ್ಣದಲ್ಲಿ ಗುರುತು ಮಾಡಿದರು. ಅವರ ಪ್ರಬಂಧ ಪ್ರಕಟವಾದದ್ದು 2004ರಲ್ಲಿ. ಮುಂದಿನ ವರ್ಷ ಅಮೆರಿಕದ ಲೇಖಕ ಡಾನ್ ಬ್ಯೂಟ್ನರ್ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಇದನ್ನು ಜಗತ್ತಿಗೆಲ್ಲ ಹೇಳಿದರು. 'ಬ್ಲೂ ಝೋನ್' ಎಂಬ ಹೆಸರು ಹೀಗೆ ಹಬ್ಬಿತು. ಜಪಾನಿನ ಒಕಿನಾವಾ, ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ, ಕೋಸ್ಟಾ ರಿಕಾದ ನಿಕೋಯಾ ಪಟ್ಟಿಗೆ ಸೇರಿದವು. 2009ರ ಹೊತ್ತಿಗೆ ಇಕಾರಿಯಾ ಕೂಡ ಬಂತು.

ಅದೇ ವರ್ಷ ಅಥೆನ್ಸ್ ವಿಶ್ವವಿದ್ಯಾಲಯದ ವೈದ್ಯರ ತಂಡವೊಂದು ಇಕಾರಿಯಾಕ್ಕೆ ಹೋಯಿತು. 30 ವರ್ಷ ದಾಟಿದ 1,420 ಜನರನ್ನು ಪರೀಕ್ಷಿಸಿತು. ಅವರಲ್ಲಿ ಸುಮಾರು 13% ಜನ 80 ದಾಟಿದವರು. ಜಗತ್ತಿನ ಸರಾಸರಿ ಶೇಕಡಾ ಒಂದೂವರೆಯ ಆಸುಪಾಸು. ಈ ಅಂತರ ಪತ್ರಿಕೆಗಳಿಗೆ ಸಾಕಾಯಿತು. ಆಲಿವ್ ಎಣ್ಣೆ, ಕಾಡುಸೊಪ್ಪು, ಮೇಕೆ ಹಾಲು, ಗುಡ್ಡದ ಎಲೆಗಳ ಕಷಾಯ, ಮಧ್ಯಾಹ್ನದ ನಿದ್ದೆ, ಕುದಿಸಿದ ಗ್ರೀಕ್ ಕಾಫಿ, ಎಲ್ಲವೂ ಒಂದೊಂದಾಗಿ 'ರಹಸ್ಯ' ಆದವು. ಅಡುಗೆ ಪುಸ್ತಕಗಳು ಬಂದವು, ಪ್ರವಾಸದ ಪ್ಯಾಕೇಜ್‌ಗಳು ಬಂದವು, 2023ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಸರಣಿಯೂ ಬಂತು.

ಆ 13%ರಲ್ಲಿ ಎರಡು ತೊಡಕುಗಳಿವೆ. ಮಕ್ಕಳನ್ನು ಬಿಟ್ಟು 30 ದಾಟಿದವರನ್ನು ಮಾತ್ರ ಲೆಕ್ಕಕ್ಕೆ ತಗೊಂಡರೆ ಮುದುಕರ ಪಾಲು ಹೇಗೂ ಮೇಲೇರುತ್ತದೆ. ಎರಡನೆಯದು ಇನ್ನೂ ದೊಡ್ಡದು. ಇಕಾರಿಯಾದಿಂದ ನೂರು ವರ್ಷಗಳಿಗೂ ಹೆಚ್ಚು ಕಾಲ ಹುಡುಗರು ಅಮೆರಿಕಕ್ಕೆ, ಅಥೆನ್ಸಿಗೆ, ಹಡಗಿನ ಕೆಲಸಕ್ಕೆ ಹೋಗುತ್ತಲೇ ಇದ್ದಾರೆ. ಹರೆಯದವರು ಹೊರಟುಹೋದ ಊರಲ್ಲಿ ವಯಸ್ಸಾದವರೇ ಹೆಚ್ಚು ಕಾಣುತ್ತಾರೆ. ಮಲೆನಾಡಿನ ಎಷ್ಟೋ ಊರುಗಳಲ್ಲಿ ಇವತ್ತು ಕಾಣುವುದೂ ಇದೇ ಅಲ್ವಾ? ಊರಿನ ತುಂಬ ಅಜ್ಜಿಯರಿದ್ದಾರೆ ಎಂದರೆ ಅಲ್ಲಿ ಆಯಸ್ಸು ಜಾಸ್ತಿ ಎಂದೇ ಅರ್ಥವಲ್ಲ. ಆಯಸ್ಸು ತಿಳಿಯಬೇಕಾದರೆ ಒಂದೇ ವರ್ಷ ಹುಟ್ಟಿದವರಲ್ಲಿ ಎಷ್ಟು ಜನ 90 ಮುಟ್ಟಿದರು ಎಂದು ನೋಡಬೇಕು. ಇಕಾರಿಯಾದಲ್ಲಿ ಪುಲಾ ಮಾಡಿದ್ದು ಇದೇ ಬಗೆಯ ಲೆಕ್ಕ. ಅಮೆರಿಕದವರಿಗಿಂತ ಇಕಾರಿಯಾದವರು 90 ಮುಟ್ಟುವ ಸಾಧ್ಯತೆ ಸುಮಾರು ಎರಡೂವರೆ ಪಟ್ಟು ಎಂದು ಹೇಳಿದ್ದು ಅದರ ಮೇಲೆ.

ನ್ಯೂಮನ್ ತೋರಿಸಿದ್ದೇನು?

ನ್ಯೂಮನ್ ವಾದ ಮೊದಲು ಹೊರಬಂದದ್ದು 2019ರಲ್ಲಿ. ಅದರ ತಿರುಳು ಸರಳ. ಬಡತನ ಹೆಚ್ಚಿರುವ, ಹುಟ್ಟಿದ ದಾಖಲೆ ಸರಿಯಿಲ್ಲದ ಪ್ರದೇಶಗಳಲ್ಲೇ ಅತಿ ವೃದ್ಧರು ಹೆಚ್ಚು ಸಿಗುತ್ತಿದ್ದಾರೆ. ಇದು ವಿಚಿತ್ರ. ಬಡತನ ಆಯಸ್ಸು ಕಡಿಮೆ ಮಾಡಬೇಕು, ಹೆಚ್ಚು ಮಾಡಬಾರದು.

ಅಮೆರಿಕದ ಉದಾಹರಣೆ ಅವರ ಕೈಯಲ್ಲಿರುವ ಗಟ್ಟಿ ಸಾಕ್ಷಿ. ಅಲ್ಲಿನ ರಾಜ್ಯಗಳು ಜನನ ಪ್ರಮಾಣಪತ್ರ ಜಾರಿಗೆ ತಂದ ಮೇಲೆ, ಆ ವ್ಯವಸ್ಥೆಯಲ್ಲಿ ಹುಟ್ಟಿದವರ ಪೈಕಿ 110 ಮುಟ್ಟಿದವರ ದಾಖಲೆಗಳು 69ರಿಂದ 82% ಕುಸಿದವು. ಕಾಗದ ಬಂದ ಕೂಡಲೇ ಮುದುಕರು ಮಾಯವಾದರು! ಜಪಾನಿನಲ್ಲಿ 2010ರಲ್ಲಿ ಟೋಕಿಯೊದ ಅತಿ ಹಿರಿಯ ಗಂಡಸು ಎಂದು ದಾಖಲಾಗಿದ್ದವನನ್ನು ನೋಡಲು ಅಧಿಕಾರಿಗಳು ಹೋದಾಗ ಹಾಸಿಗೆಯಲ್ಲಿ ಸಿಕ್ಕಿದ್ದು ಒಣಗಿದ ದೇಹ. ಆತ ಸತ್ತು 30 ವರ್ಷ ಕಳೆದಿತ್ತು, ಪಿಂಚಣಿ ಮಾತ್ರ ಬರುತ್ತಲೇ ಇತ್ತು. ಆಮೇಲೆ ನಡೆದ ತಪಾಸಣೆಯಲ್ಲಿ ಕುಟುಂಬ ದಾಖಲೆಗಳಲ್ಲಿದ್ದ ಎರಡು ಲಕ್ಷಕ್ಕೂ ಹೆಚ್ಚು ಶತಾಯುಷಿಗಳು ಎಲ್ಲಿದ್ದಾರೆ ಎಂದೇ ಪತ್ತೆಯಾಗಲಿಲ್ಲ.

ಇಂಥದ್ದು ಹಿಂದೆಯೂ ಆಗಿದೆ. 1970ರ ದಶಕದಲ್ಲಿ ಈಕ್ವೆಡಾರ್‌ನ ವಿಲ್ಕಬಾಂಬಾ ಕಣಿವೆಯನ್ನು ಶತಾಯುಷಿಗಳ ಊರು ಎಂದು ಕೊಂಡಾಡಿದ್ದರು. ಚರ್ಚಿನ ಕಡತ ತೆಗೆದು ನೋಡಿದರೆ ನೂರು ದಾಟಿದವರು ಒಬ್ಬರೂ ಇರಲಿಲ್ಲ. 70 ದಾಟಿದ ಮೇಲೆ ಜನ ವಯಸ್ಸನ್ನು ಸುಮ್ನೆ ಏರಿಸಿ ಹೇಳುತ್ತಿದ್ದರು.

ಸತ್ತವರಿಗೆ ಪಿಂಚಣಿ

ಗ್ರೀಸಿನ ಮೇಲೆ ಅನುಮಾನ ಗಟ್ಟಿಯಾಗಲು ಅಲ್ಲಿನ ಸಾಲದ ಬಿಕ್ಕಟ್ಟು ಕಾರಣ. 2010ರಲ್ಲಿ ದೇಶ ದಿವಾಳಿಯ ಅಂಚಿಗೆ ಬಂದಾಗ ಸಾಲ ಕೊಟ್ಟವರು ಖರ್ಚಿನ ಪೈಸೆ ಪೈಸೆಗೂ ಲೆಕ್ಕ ಕೇಳಿದರು. ಸರ್ಕಾರ ಪಿಂಚಣಿದಾರರ ಪಟ್ಟಿ ಜಾಲಾಡಿತು. ಸತ್ತುಹೋದ ಸಾವಿರಾರು ಜನರ ಹೆಸರಲ್ಲಿ ಹಣ ಹೋಗುತ್ತಿರುವುದು ಗೊತ್ತಾಯಿತು. ಜಾಕಿಂಥೋಸ್ ದ್ವೀಪದಲ್ಲಿ ಸುಮಾರು 700 ಜನ ಕುರುಡರ ಭತ್ಯೆ ಪಡೆಯುತ್ತಿದ್ದರು, ಅವರಲ್ಲಿ ಬಹಳಷ್ಟು ಜನರಿಗೆ ಕಣ್ಣು ಚೆನ್ನಾಗಿಯೇ ಇತ್ತು. ಗ್ರೀಸಿನ ಶತಾಯುಷಿಗಳಲ್ಲಿ ಕನಿಷ್ಠ 72% ಜನ ಒಂದೋ ಸತ್ತವರು ಇಲ್ಲವೇ ಪತ್ತೆ ಇಲ್ಲದವರು ಎನ್ನುತ್ತಾರೆ ನ್ಯೂಮನ್.

ಇದು ಆಯಸ್ಸಿನ ಲೆಕ್ಕವನ್ನು ಹೇಗೆ ಕೆಡಿಸುತ್ತದೆ ನೋಡಿ. ಒಬ್ಬ ಅಜ್ಜಿ 82ಕ್ಕೆ ತೀರಿಕೊಂಡಳು ಎಂದುಕೊಳ್ಳಿ. ಮನೆಯವರು ಸಾವನ್ನು ಪಿಂಚಣಿ ಕಚೇರಿಗೆ ತಿಳಿಸಲಿಲ್ಲ. ಕಡತದಲ್ಲಿ ಆಕೆ ಪ್ರತಿ ವರ್ಷ ಒಂದೊಂದು ವರ್ಷ ದೊಡ್ಡವಳಾಗುತ್ತಾ ಹೋಗುತ್ತಾಳೆ. 18 ವರ್ಷ ಕಳೆದರೆ ಶತಾಯುಷಿ. ಯಾರೂ ಸುಳ್ಳು ವಯಸ್ಸು ಬರೆದಿಲ್ಲ, ಸುಮ್ಮನಿದ್ದರು ಅಷ್ಟೇ.

ಇಂಥವು ಸಾವಿರದಲ್ಲಿ ಒಂದೇ ಇದ್ದರೂ ಮೇಲಿನ ವಯಸ್ಸುಗಳಲ್ಲಿ ಅನಾಹುತವಾಗುತ್ತದೆ. ನಿಜವಾಗಿ 110 ಮುಟ್ಟುವವರು ತೀರಾ ವಿರಳ. 80ರ ಹರೆಯದವರೋ ಲಕ್ಷಗಟ್ಟಲೆ. ಆ ಲಕ್ಷಗಳಲ್ಲಿ ಕೆಲವೇ ಕೆಲವು ತಪ್ಪು ದಾಖಲೆಗಳು ಮೇಲಕ್ಕೆ ತೇಲಿದರೂ ಸಾಕು, 110ರ ಪಟ್ಟಿಯಲ್ಲಿ ಅಸಲಿಗಿಂತ ನಕಲಿಯೇ ಜಾಸ್ತಿಯಾಗುತ್ತದೆ. ನ್ಯೂಮನ್ ವಾದದ ಈ ಭಾಗವನ್ನು ಅಲ್ಲಗಳೆಯುವುದು ಕಷ್ಟ.

ಎದುರು ಪಕ್ಷದ ಉತ್ತರ

ಪುಲಾ, ಪೆಸ್ ಮತ್ತು ಬ್ಯೂಟ್ನರ್ ಇದನ್ನು ಒಪ್ಪಿಲ್ಲ. ಪಿಂಚಣಿ ಪಟ್ಟಿಯನ್ನು ನಾವು ನಂಬಿಯೇ ಇಲ್ಲ ಎಂಬುದು ಅವರ ಮಾತು. ಒಬ್ಬ ಅಜ್ಜಿಯ ವಯಸ್ಸು ಒಪ್ಪಬೇಕಾದರೆ ಜನನ ದಾಖಲೆ, ಚರ್ಚಿನ ಬ್ಯಾಪ್ಟಿಸಮ್ ಪುಸ್ತಕ, ಮದುವೆ ದಾಖಲೆ, ಅಣ್ಣತಮ್ಮಂದಿರ ಮತ್ತು ಮಕ್ಕಳ ಹುಟ್ಟಿದ ವರ್ಷ, ಎಲ್ಲವನ್ನೂ ಒಂದರ ಪಕ್ಕ ಒಂದಿಟ್ಟು ನೋಡುತ್ತೇವೆ ಎನ್ನುತ್ತಾರೆ. ಜಪಾನಿನಲ್ಲಿ ಎರಡು ಲಕ್ಷ ಜನ ಕಾಣೆಯಾದದ್ದು ಹಳೆಯ ಕುಟುಂಬ ದಾಖಲೆಗಳಲ್ಲಿ. ಅಧಿಕೃತ ಶತಾಯುಷಿಗಳ ಎಣಿಕೆ ಅದರ ಮೇಲೆ ನಿಂತಿಲ್ಲ ಎನ್ನುವುದನ್ನೂ ಅವರ ಕಡೆಯವರು ನೆನಪಿಸುತ್ತಾರೆ. ಇದು ನ್ಯಾಯವಾದ ಆಕ್ಷೇಪ. ಒಂದು ಜಿಲ್ಲೆಯ ಸರಾಸರಿ ನೋಡಿ ಆ ಜಿಲ್ಲೆಯ ಒಂದು ಹಳ್ಳಿಯಲ್ಲಿ ಮನೆಮನೆಗೂ ಹೋಗಿ ಮಾಡಿದ ಪರಿಶೀಲನೆ ಸುಳ್ಳು ಅನ್ನಲಾಗದು.

ಆದರೆ ಇಕಾರಿಯಾದ ಕಡತಗಳಿಗೆ ಅವುಗಳದೇ ಕಷ್ಟವಿದೆ. 1912ರ ಜುಲೈವರೆಗೆ ಅದು ಒಟ್ಟೋಮನ್ ಸಾಮ್ರಾಜ್ಯದ್ದು. ದಂಗೆಯೆದ್ದು ಕೆಲವು ತಿಂಗಳು ಸ್ವತಂತ್ರ ರಾಜ್ಯವಾಗಿ, ನವೆಂಬರ್‌ನಲ್ಲಿ ಗ್ರೀಸಿಗೆ ಸೇರಿತು. 2009ರಲ್ಲಿ 97 ದಾಟಿದ್ದವರೆಲ್ಲ ಹುಟ್ಟುವಾಗ ಗ್ರೀಕ್ ಆಡಳಿತವೇ ಇರಲಿಲ್ಲ. ಇನ್ನೊಂದು ವಿಷಯ ಹೆಚ್ಚು ಜನ ಗಮನಿಸುವುದಿಲ್ಲ. ಗ್ರೀಸಿನಲ್ಲಿ ಗಂಡು ಮಕ್ಕಳಿಗೆಂದೇ ಪ್ರತ್ಯೇಕ ನೋಂದಣಿ ಪುಸ್ತಕ ಇತ್ತು. ಸೈನ್ಯಕ್ಕೆ ಯಾರು ಯಾವಾಗ ಬರಬೇಕು ಎಂದು ಸರ್ಕಾರಕ್ಕೆ ಗೊತ್ತಿರಬೇಕಲ್ಲ! ಹೆಣ್ಣುಮಕ್ಕಳ ವಯಸ್ಸನ್ನು ಅಷ್ಟು ಕಾಳಜಿಯಿಂದ ಬರೆದಿಡುವ ಅಗತ್ಯ ಯಾರಿಗೂ ಕಾಣಲಿಲ್ಲ. ಜಗತ್ತು ಫೋಟೊ ತೆಗೆದದ್ದು ಅಜ್ಜಿಯರದು, ಕಾಗದ ಗಟ್ಟಿಯಿದ್ದದ್ದು ಅಜ್ಜಂದಿರದು.

ನಮ್ಮಲ್ಲೂ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1 ಎಷ್ಟೋ ಜನರ ಹುಟ್ಟಿದ ದಿನವಾಗಿ ಉಳಿದಿದೆ. ಅದರಲ್ಲಿ ಮೋಸವೇನಿಲ್ಲ. ಆದರೆ ಆಯಸ್ಸಿನ ಸಂಶೋಧನೆಗೆ ಆ ದಿನಾಂಕ ಸಾಲದು.

ಇಷ್ಟಾದರೂ ನನ್ನ ಲೆಕ್ಕದಲ್ಲಿ ಇಕಾರಿಯಾದ ವಾದ ಪೂರ್ತಿ ಬಿದ್ದಿಲ್ಲ. ಕಾರಣ, ಅದು 110ರ ಬಗ್ಗೆ ಅಲ್ಲ, 90ರ ಬಗ್ಗೆ. 90ರ ಆಸುಪಾಸಿನಲ್ಲಿ ನಿಜವಾದ ವೃದ್ಧರೇ ಸಾಕಷ್ಟಿರುವುದರಿಂದ ಅಲ್ಲೊಂದು ಇಲ್ಲೊಂದು ತಪ್ಪು ದಾಖಲೆ ಚಿತ್ರವನ್ನು ತಲೆಕೆಳಗು ಮಾಡುವುದಿಲ್ಲ. ಎರಡೂವರೆ ಪಟ್ಟು ಅನ್ನುವುದು ಸ್ವಲ್ಪ ಕೆಳಗಿಳಿಯಬಹುದು. ಅಥೆನ್ಸ್ ತಂಡದ ಅಧ್ಯಯನದಲ್ಲಿ 80 ದಾಟಿದ ಗಂಡಸರು ಮತ್ತು ಹೆಂಗಸರ ಸಂಖ್ಯೆ ಹೆಚ್ಚುಕಡಿಮೆ ಸಮ ಇತ್ತು ಎನ್ನುವುದೂ ಗಮನಿಸಬೇಕಾದದ್ದು. ಬೇರೆ ಬಹುತೇಕ ಕಡೆ ಆ ವಯಸ್ಸಿಗೆ ಹೆಂಗಸರೇ ಬಹಳ ಹೆಚ್ಚು ಉಳಿದಿರುತ್ತಾರೆ. ಇಕಾರಿಯಾದಲ್ಲಿ ಏನಾದರೂ ವಿಶೇಷ ಇದ್ದರೆ ಅದು ಅಜ್ಜಂದಿರದ್ದೇ ಇರಬಹುದು.

ಆ ಕಾಲಿಗೆ ಬಲ ಎಲ್ಲಿಂದ ಬಂತು?

ಈಗ ಮೂರನೇ ಪ್ರಶ್ನೆ. ಇದಕ್ಕೆ ಜನನ ಪ್ರಮಾಣಪತ್ರ ಬೇಕಿಲ್ಲ. ಆಕೆಗೆ 93 ಆಗಿರಲಿ, 86 ಆಗಿರಲಿ, ಗುಡ್ಡ ಹತ್ತಿದ್ದಂತೂ ಕಣ್ಣೆದುರಿಗೇ.

ಇಕಾರಿಯಾ 255 ಚದರ ಕಿಲೋಮೀಟರಿನ ಸಣ್ಣ ದ್ವೀಪ. ನಡುವೆ ಬೆನ್ನುಮೂಳೆಯಂತೆ ಅಥೇರಾಸ್ ಬೆಟ್ಟ, ಎತ್ತರ ಸಾವಿರ ಮೀಟರಿಗೂ ಸ್ವಲ್ಪ ಜಾಸ್ತಿ. ಸಮತಟ್ಟು ನೆಲ ಬಹಳ ಕಡಿಮೆ. ಹಿಂದೆ ಕಡಲ್ಗಳ್ಳರ ಕಾಟ ತಡೆಯಲಾರದೆ ಜನ ಕರಾವಳಿ ಬಿಟ್ಟು ಒಳಗಿನ ಬೆಟ್ಟಗಳಿಗೆ ಸರಿದರು. ಸಮುದ್ರದಿಂದ ಕಾಣಬಾರದೆಂದು ಬಂಡೆಗಳ ನಡುವೆ ತಗ್ಗು ಮನೆ ಕಟ್ಟಿದರು, ಹೊಗೆ ಕಂಡೀತೆಂದು ಚಿಮಣಿಯನ್ನೂ ಇಡಲಿಲ್ಲ. ಒಂದು ಮನೆಗೂ ಇನ್ನೊಂದಕ್ಕೂ ದೂರ ಬಿಟ್ಟರು. ಕಳ್ಳರು ಹೋದರೂ ಚದುರಿದ ಊರುಗಳು ಹಾಗೇ ಉಳಿದವು. ಹಾಗಾಗಿ ಪಕ್ಕದ ಮನೆಗೆ ಹೋಗಬೇಕಾದರೂ, ಮೆಟ್ಟಿಲು ಮೆಟ್ಟಿಲಾದ ತೋಟಕ್ಕೆ ನೀರು ಬಿಡಬೇಕಾದರೂ, ಮೇಕೆಗಳನ್ನು ಹೊಡೆದುಕೊಂಡು ಬರಬೇಕಾದರೂ ಏರು ಹತ್ತಲೇಬೇಕು.

ಗಂಡಸರು ಹೊರಗೆ ಹೋದಾಗ ಈ ಕೆಲಸ ಹೆಂಗಸರ ಮೇಲೆ ಬಿತ್ತು. ಅಮೆರಿಕದ ಉಕ್ಕಿನ ಊರುಗಳಿಗೆ ಹೋದ ಗಂಡ ದುಡ್ಡು ಕಳಿಸುತ್ತಿದ್ದ, ಅಥವಾ ಕಳಿಸುತ್ತಿರಲಿಲ್ಲ. ಹೊಲ, ಮಕ್ಕಳು, ಅತ್ತೆಮಾವ ಇಲ್ಲೇ ಇದ್ದರು. ಎರಡನೇ ಮಹಾಯುದ್ಧದಲ್ಲಿ ಇಟಲಿಯ ಸೈನ್ಯ ದ್ವೀಪ ಹಿಡಿದಾಗ ಭಾರೀ ಹಸಿವು ಬಂತು. ಅದು ಮುಗಿಯುವಷ್ಟರಲ್ಲಿ ಅಂತರ್ಯುದ್ಧ. ಸಾವಿರಾರು ಎಡಪಂಥೀಯರನ್ನು ಸರ್ಕಾರ ಇದೇ ದ್ವೀಪಕ್ಕೆ ಗಡಿಪಾರು ಮಾಡಿತು. ಬರಿಹೊಟ್ಟೆಯ ಊರಿಗೆ ಇನ್ನಷ್ಟು ಬಾಯಿಗಳು ಸೇರಿದವು. ಇದನ್ನೆಲ್ಲ ದಾಟಿ ಬಂದವರನ್ನು ಪ್ರವಾಸಿ ಇಂದು ನೋಡುತ್ತಿದ್ದಾನೆ. ದಾಟಲಾಗದವರು ಅವನ ಫೋಟೊದಲ್ಲಿಲ್ಲ. ಕಷ್ಟ ಜನರನ್ನು ಗಟ್ಟಿ ಮಾಡಿತು ಎನ್ನುವುದು ಅರ್ಧ ನಿಜ. ಗಟ್ಟಿ ಇಲ್ಲದವರನ್ನು ಅದು ಮೊದಲೇ ತೆಗೆದುಕೊಂಡು ಹೋಯಿತು ಎನ್ನುವುದು ಉಳಿದರ್ಧ.

ದೇಹದ ಕಡೆಯಿಂದ ನೋಡಿದರೂ ಇದರಲ್ಲಿ ಪವಾಡವೇನಿಲ್ಲ. ನಡುವಯಸ್ಸು ದಾಟಿದ ಮೇಲೆ ಸ್ನಾಯು ಕರಗುತ್ತಾ ಹೋಗುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತದೆ. ಇವೆರಡನ್ನೂ ನಿಧಾನ ಮಾಡುವ ಉಪಾಯ ಭಾರ ಹೊರುವುದು, ಏರು ಹತ್ತುವುದು, ನೆಲಕ್ಕೆ ಬಗ್ಗಿ ಏಳುವುದು. ಅದೂ ದಿನಾ. 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನವೊಂದು 17 ದೇಶಗಳ ಸುಮಾರು 1,40,000 ಜನರ ಕೈಹಿಡಿತದ ಬಲ ಅಳೆದಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರೂ ಅದರಲ್ಲಿದ್ದರು. ಹಿಡಿತ 5 ಕಿಲೋ ಕಡಿಮೆಯಾದಂತೆಲ್ಲ ಸಾವಿನ ಅಪಾಯ 16% ಏರುವುದು ಕಂಡಿತು. ಈ ವಿಷಯದಲ್ಲಿ ರಕ್ತದೊತ್ತಡಕ್ಕಿಂತ ಹಿಡಿತವೇ ಹೆಚ್ಚು ಸರಿಯಾದ ಸೂಚನೆ ಕೊಟ್ಟಿತು. ಹುಟ್ಟಿದ ದಿನಾಂಕ ಕೇಳುವ ಬದಲು ಆ ಅಜ್ಜಿಯ ಕೈಕುಲುಕಿ ನೋಡಿದ್ದರೆ ಆಕೆಯ ಬಗ್ಗೆ ಹೆಚ್ಚು ತಿಳಿಯುತ್ತಿತ್ತೇನೋ.

ನಮ್ಮ ಸಾಲುಮರದ ತಿಮ್ಮಕ್ಕ 2025ರ ನವೆಂಬರ್‌ನಲ್ಲಿ ತೀರಿಕೊಂಡಾಗ ಪತ್ರಿಕೆಗಳು 114 ವರ್ಷ ಎಂದು ಬರೆದವು. ನಾಡು ಆಕೆಗೆ ಕೈಮುಗಿದದ್ದು ಆ ಅಂಕಿಗಲ್ಲ, ಹುಲಿಕಲ್–ಕುದೂರು ರಸ್ತೆಯ ಆಲದ ಮರಗಳಿಗೆ. ಇಕಾರಿಯಾದ ಅಜ್ಜಿಯನ್ನೂ ಹಾಗೆ ನೋಡಲು ಅಡ್ಡಿಯಿಲ್ಲ.

ಹೊಗಳಿಕೆ ಮರೆಮಾಡುವುದು

'ಎಷ್ಟು ಗಟ್ಟಿ ಇದ್ದಾಳೆ ನೋಡಿ' ಎನ್ನುವುದರಿಂದ ಒಂದು ತೊಂದರೆಯೂ ಇದೆ. ಗಟ್ಟಿ ಇರುವವಳಿಗೆ ಸಹಾಯ ಬೇಡ ಎಂಬ ಅರ್ಥ ಅದರ ಹಿಂದೆಯೇ ಬರುತ್ತದೆ.

ಗ್ರೀಸಿನಲ್ಲಿ ಹೆಂಗಸರ ಸರಾಸರಿ ಆಯಸ್ಸು ಸುಮಾರು 84, ಗಂಡಸರದ್ದು 79ರ ಹತ್ತಿರ. ಹೆಂಗಸರಿಗೆ ಸಿಕ್ಕ ಆ ಹೆಚ್ಚಿನ ವರ್ಷಗಳಲ್ಲಿ ಬಹುಪಾಲು ಮಂಡಿನೋವು, ಮೂಳೆಸವೆತ, ಒಂಟಿತನದಲ್ಲೇ ಕಳೆಯುತ್ತದೆ. ಚಿಕ್ಕ ದ್ವೀಪಗಳಿಗೆ ತಜ್ಞ ವೈದ್ಯರು ಬರಲು ಒಪ್ಪುವುದಿಲ್ಲ ಎಂಬ ದೂರು ಅಲ್ಲಿ ಹಳೆಯದು. ದೊಡ್ಡ ಕಾಯಿಲೆಗೆ ಹಡಗು ಅಥವಾ ಹೆಲಿಕಾಪ್ಟರ್ ಹತ್ತಬೇಕು. ಬಿಕ್ಕಟ್ಟಿನ ವರ್ಷಗಳಲ್ಲಿ ಪಿಂಚಣಿಯನ್ನು ಮತ್ತೆ ಮತ್ತೆ ಕಡಿದರು. ಅದೇ ಹೊತ್ತಿಗೆ ಕೆಲಸ ಕಳೆದುಕೊಂಡ ಮಕ್ಕಳು, ಮೊಮ್ಮಕ್ಕಳು ಅಜ್ಜಿಯ ಅದೇ ಪಿಂಚಣಿಯ ಮೇಲೆ ಬದುಕಿದರು. ಸತ್ತವರ ಹೆಸರಲ್ಲಿ ಹಣ ಪಡೆದವರನ್ನು ನೋಡಿ ನಕ್ಕವರು ಇದನ್ನೂ ನೋಡಬೇಕು. ಮನೆಯ ಏಕೈಕ ಆದಾಯ ಅಜ್ಜಿಯ ಜೊತೆಗೇ ಹೋಗುತ್ತದೆ ಎಂದಾದಾಗ ಕೆಲವರು ಸಾವನ್ನು ಮುಚ್ಚಿಟ್ಟರೆ ಆಶ್ಚರ್ಯವೇನು? ಮೋಸ ಮೋಸವೇ, ಆದರೆ ಅದು ಯಾಕೆ ಹುಟ್ಟುತ್ತದೆ ಅನ್ನುವುದು ಇಲ್ಲಿ ಸ್ಪಷ್ಟ.

ಇನ್ನು ಗಟ್ಟಿ ಇಲ್ಲದ ಅಜ್ಜಿಯರನ್ನು ನೋಡಿಕೊಳ್ಳುವವರು ಯಾರು? ಮಗಳು ಹತ್ತಿರವಿದ್ದರೆ ಮಗಳು. ಇಲ್ಲದಿದ್ದರೆ ಜಾರ್ಜಿಯಾ, ಬಲ್ಗೇರಿಯಾದಂಥ ದೇಶಗಳಿಂದ ಬಂದು ಮನೆಯಲ್ಲೇ ಉಳಿಯುವ ಹೆಂಗಸರು. ಅವರೂ ತಮ್ಮ ಊರಲ್ಲಿ ವಯಸ್ಸಾದ ತಾಯಿಯನ್ನು ಬಿಟ್ಟು ಬಂದವರೇ.

ಮುಂದೇನಾಗಬಹುದು?

ಗ್ರೀಸಿನ ಜನಸಂಖ್ಯೆ 2011ರಲ್ಲಿ ಸುಮಾರು 1.08 ಕೋಟಿ ಇತ್ತು. 2021ರ ಗಣತಿಯಲ್ಲಿ 1.05 ಕೋಟಿಗೆ ಇಳಿಯಿತು. ಒಬ್ಬ ಹೆಂಗಸಿಗೆ ಸರಾಸರಿ ಒಂದೂವರೆ ಮಗುವೂ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಇದಕ್ಕಾಗಿಯೇ 160 ಕೋಟಿ ಯೂರೋಗಳ ತೆರಿಗೆ ರಿಯಾಯಿತಿ ಪ್ರಕಟಿಸಿತು. ಅದಕ್ಕೂ ಮುಂಚೆ, 2024ರಿಂದ, ಪಿಂಚಣಿದಾರರು ಕೆಲಸ ಮಾಡಿದರೆ ಪಿಂಚಣಿಯಲ್ಲಿ 30% ಕಡಿತ ಮಾಡುವ ನಿಯಮ ತೆಗೆದು, ದುಡಿಮೆಯ ಮೇಲೆ 10% ಮಾತ್ರ ವಸೂಲಿ ಮಾಡುವ ವ್ಯವಸ್ಥೆ ತಂದಿತು. ದುಡಿಯುವ ಕೈಗಳು ಕಡಿಮೆಯಾದಾಗ ವಯಸ್ಸಾದವರನ್ನು ಕೆಲಸದಲ್ಲಿ ಉಳಿಸಿಕೊಳ್ಳುವ ಒತ್ತಡ ಏರುತ್ತದೆ. ಆಗ 'ನಮ್ಮ ಅಜ್ಜಿಯರು 90ಕ್ಕೂ ದುಡಿಯುತ್ತಾರೆ' ಎಂಬ ಕತೆ ಸರ್ಕಾರಗಳಿಗೆ ಅನುಕೂಲ. ವಯಸ್ಸಿನ ಅಂಕಿ ಸರಿಯಿಲ್ಲದಿದ್ದರೆ ನಿವೃತ್ತಿ, ವಿಮೆ, ಆಸ್ಪತ್ರೆಯ ಯೋಜನೆಗಳ ಲೆಕ್ಕವೂ ತಪ್ಪುತ್ತದೆ. ನ್ಯೂಮನ್ ಎತ್ತಿದ ಜಗಳ ಬರೀ ಅಂಕಿಯ ಜಗಳ ಅಲ್ಲ ಎನ್ನುವುದು ಇದಕ್ಕೇ.

ಪ್ರವಾಸೋದ್ಯಮಕ್ಕೆ ಇದರಿಂದ ದೊಡ್ಡ ಪೆಟ್ಟು ಬೀಳುವ ಸಾಧ್ಯತೆ ಕಡಿಮೆ. ಕಾಫಿ, ಜೇನು, ಕಷಾಯದ ಪುಡಿ ಮಾರಾಟವಾಗುತ್ತಲೇ ಇರುತ್ತದೆ. ನಿಜವಾದ ಬದಲಾವಣೆ ಬೇರೆ ಕಡೆ ಇದೆ. ಒಕಿನಾವಾದಲ್ಲಿ ಯುದ್ಧದ ನಂತರ ಅಮೆರಿಕದ ಸೈನಿಕ ನೆಲೆಗಳು ಬಂದವು, ಜೊತೆಗೆ ಅಲ್ಲಿನ ಊಟವೂ ಬಂತು. 2000ದ ಹೊತ್ತಿಗೆ ಒಕಿನಾವಾದ ಗಂಡಸರು ಆಯಸ್ಸಿನಲ್ಲಿ ಜಪಾನಿನ 47 ಪ್ರಾಂತ್ಯಗಳ ಪೈಕಿ 26ನೇ ಸ್ಥಾನಕ್ಕೆ ಜಾರಿದರು. ಇಕಾರಿಯಾಕ್ಕೂ ರಸ್ತೆ ಬಂದಿದೆ, ಕಾರು ಬಂದಿದೆ, ಸೂಪರ್ ಮಾರ್ಕೆಟ್ ಬಂದಿದೆ. ಅಜ್ಜಿ ಹತ್ತಿದ ಏರನ್ನು ಮೊಮ್ಮಗಳು ಕಾರಿನಲ್ಲಿ ಹತ್ತುತ್ತಾಳೆ.

ಜಗಳ ತೀರಿಸುವ ದಾರಿಯೂ ಈಗ ತೆರೆಯುತ್ತಿದೆ. 1930ರ ದಶಕದಲ್ಲಿ ಹುಟ್ಟಿದ ಇಕಾರಿಯಾದ ಹೆಂಗಸರು ಈಗ 90 ಮುಟ್ಟುತ್ತಿದ್ದಾರೆ. ಅವರು ಹುಟ್ಟಿದ್ದು ಗ್ರೀಕ್ ಆಡಳಿತದಲ್ಲಿ, ಅವರ ಕಾಗದಗಳು ತಾಯಂದಿರ ಕಾಗದಗಳಿಗಿಂತ ಗಟ್ಟಿ. ಬಿಕ್ಕಟ್ಟಿನ ನಂತರ ಪಿಂಚಣಿ ಪಟ್ಟಿಯನ್ನೂ ತೊಳೆದಾಗಿದೆ. ಈ ಪೀಳಿಗೆಯಲ್ಲೂ 90 ಮುಟ್ಟುವವರು ಉಳಿದ ಗ್ರೀಸಿಗಿಂತ ಹೆಚ್ಚು ಎಂದು ಕಂಡರೆ ಪುಲಾ ಹೇಳಿದ್ದಕ್ಕೆ ಬಲ ಬರುತ್ತದೆ. ಸಮವೆಂದು ಕಂಡರೆ ನ್ಯೂಮನ್ ಗೆದ್ದಂತೆ. ಹಾಗೆ ನೋಡುವವರು ಒಂದು ಎಚ್ಚರ ವಹಿಸಬೇಕು: ಇದೇ ಪೀಳಿಗೆ ಚಿಕ್ಕಂದಿನಲ್ಲಿ ಯುದ್ಧಕಾಲದ ಹಸಿವು ಕಂಡದ್ದು, ಹಾಗಾಗಿ ಲೆಕ್ಕವನ್ನು ಬದುಕುಳಿದವರಿಂದಲ್ಲ, ಹುಟ್ಟಿದವರೆಲ್ಲರಿಂದ ಶುರು ಮಾಡಬೇಕು.